ಅಮ್ಮನ ಹಲ್ಲುಸೆಟ್ಟು, ಎರಡು ವರ್ಷದ ನಂತರ

ಹಳೆಯ ಸೆಟ್ಟಿದ್ದಾಗ ಅಮ್ಮ ಎಲ್ಲಿದ್ದಾರೆ ಅಂತ ಕೂಗಿ ಕೇಳಬೇಕಾಗಿರಲಿಲ್ಲ. ಟಕ್ ಟಕ್ ಸದ್ದು ಬಂದ ಕಡೆ ಹೋದರೆ ಸಾಕಿತ್ತು.

ವಾಂತಿ, ಹೊಟ್ಟೆಯುಬ್ಬರ ಅಂತ ವರ್ಷಗಟ್ಟಲೆ ಮೆಟೊಕ್ಲೊಪ್ರಮೈಡ್ ಮಾತ್ರೆ ನುಂಗಿದ್ದರು. 12 ವಾರಕ್ಕಿಂತ ಜಾಸ್ತಿ ಬೇಡ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲೇ ಎಚ್ಚರಿಸಿತ್ತು, ನಮಗೆ ಯಾರೂ ಹೇಳಲಿಲ್ಲ. ಆ ಮಾತ್ರೆಯಿಂದಾಗಿ ಈಗ ನಾಲಿಗೆ, ತುಟಿ, ದವಡೆ ತಾವಾಗಿಯೇ ಆಡುತ್ತವೆ. ಟಾರ್ಡಿವ್ ಡಿಸ್ಕಿನೇಶಿಯಾ ಅಂತಾರೆ. ಮೇಲಿನ ಸೆಟ್ಟು ಅಂಗುಳಕ್ಕೆ ಅಂಟಿಕೊಂಡು ಕೂರುತ್ತಿತ್ತು, ಕೆಳಗಿನದನ್ನು ಮಾತ್ರ ನಾಲಿಗೆ ಎತ್ತಿ ಎತ್ತಿ ಒಗೆಯುತ್ತಿತ್ತು. ಒಂದು ಮದುವೆ ಮನೆಯಲ್ಲಿ ಸೀದಾ ಎಲೆ ಮೇಲೆ, ಪಾಯಸದ ಪಕ್ಕ. ಮಾಡಿಕೊಟ್ಟ ಡಾಕ್ಟರು "ಅಭ್ಯಾಸ ಆಗುತ್ತೆ ಬಿಡಿ" ಅಂದರು.

ಈಗಿನದು ಡೆಂಟಲ್ ಕಾಲೇಜಿನಲ್ಲಿ ಮಾಡಿಸಿದ್ದು. ಏಳು ಸಲ ಓಡಾಟ. ಕೆಳಗಿನ ಪ್ಲೇಟಿನ ಮೇಲೆ ಬಿಸಿ ಮಾಡಿ ಮೆತ್ತಗಾಗಿಸಿದ, ಅಚ್ಚು ತೆಗೆಯೋ ಮೇಣದಂಥ ಕಾಂಪೌಂಡ್ ಇಟ್ಟು, ನೀರು ಗುಟುಕರಿಸಿ, ತುಟಿ ಚಾಚಿ, ಎಣಿಸಿ ಅಂದರು. ನಾಲಿಗೆ ಒಳಗಿಂದ ಒತ್ತುತ್ತೆ, ಕೆನ್ನೆ ಹೊರಗಿಂದ ಒತ್ತುತ್ತೆ, ಎರಡೂ ಸಮವಾಗುವ ಜಾಗದಲ್ಲಿ ಹಲ್ಲು ಕೂರಿಸುತ್ತಾರೆ. ನ್ಯೂಟ್ರಲ್ ಝೋನ್ ಅಂತ ಅದರ ಹೆಸರು. ಆಡೋ ಬಾಯಿಗೆ ಆಡುತ್ತಿರುವಾಗಲೇ ಅಳತೆ, ಎಷ್ಟು ಸರಳ ಅಲ್ವಾ?

ಸದ್ದು ನಿಂತಿತು. ಮೊದಲ ವಾರ ಮನೆ ಬಿಕೋ ಅನ್ನುತ್ತಿತ್ತು, ನಿಜವಾಗಿ.

ರಾತ್ರಿ ಅಮ್ಮ ಸೆಟ್ಟು ತೆಗೆದು ಸ್ಟೀಲ್ ಡಬ್ಬಿಯ ತಣ್ಣೀರಿನಲ್ಲಿ ಮುಳುಗಿಸುತ್ತಾರೆ. ಬೆಳಿಗ್ಗೆ ಬೇಸಿನ್ನಿಗೆ ಹಳೇ ಟವೆಲ್ ಹಾಸಿ, ಕೈ ಜಾರಿದರೆ ಒಡೆಯಬಾರದಲ್ಲ, ಮೆತ್ತನೆ ಬ್ರಷ್ಷಿನಲ್ಲಿ ಮೊಮ್ಮಗುವಿನ ಮುಖ ತೊಳೆದಷ್ಟು ಹುಷಾರಾಗಿ ಉಜ್ಜುತ್ತಾರೆ. ಬಿಸಿನೀರು ತಾಗಿಸಲ್ಲ, ಸೊಟ್ಟಗಾಗುತ್ತೆ. ಆಮೇಲೇ ಕಾಫಿ.

ಆದರೆ ಊಟದ ವಿಷಯಕ್ಕೆ ಬಂದರೆ ನನಗೆ ಸಿಟ್ಟಿದೆ. ದವಡೆ ಅಡ್ಡಡ್ಡ ಸರಿದಾಗ ಹಲ್ಲಿಗೆ ಹಲ್ಲು ಸಿಕ್ಕಿ ಸೆಟ್ಟು ಅಲುಗಬಾರದು ಅಂತ ಇದರ ಹಲ್ಲುಗಳನ್ನು ಚಪ್ಪಟೆ ಮಾಡಿದ್ದಾರೆ. ಉಬ್ಬುತಗ್ಗೇ ಇಲ್ಲ. ಸರಿ, ಆದರೆ ದಂಟಿನ ಸೊಪ್ಪಿನ ನಾರು ಕತ್ತರಿಸಲ್ಲ, ಹುರಳಿಕಾಯಿ ಸಣ್ಣಗೆ ಹೆಚ್ಚಬೇಕು. ಇದನ್ನು ಮೊದಲೇ ಒಂದು ಮಾತು ಹೇಳಬಹುದಿತ್ತು. ಮುದ್ದೆಗೆ ತೊಂದರೆಯಿಲ್ಲ, ಅದನ್ನು ಯಾರು ಅಗಿಯುತ್ತಾರೆ!

ಕೆಳದವಡೆಗೆ ಎರಡು ಇಂಪ್ಲಾಂಟ್, ಅಂದರೆ ಮೂಳೆಯೊಳಗೆ ಕೂರಿಸೋ ಸ್ಕ್ರೂ, ಹಾಕಿ, ಅಂಗಿ ಗುಂಡಿಯ ಹಾಗೆ ಸೆಟ್ಟನ್ನು ಅದಕ್ಕೆ ಸಿಕ್ಕಿಸಿದರೆ ಇನ್ನೂ ಗಟ್ಟಿ ಅಂದರು. ಖರ್ಚು ನಮ್ಮ ಕೈಗೆ ಮೀರಿದ್ದು. ಅಮ್ಮನಂತೂ "ಎಪ್ಪತ್ನಾಲ್ಕಕ್ಕೆ ಮೂಳೆ ಕೊರೆಸ್ಕೊಳ್ಳಲಾ?" ಅಂದುಬಿಟ್ಟರು.

ಒಸಡಿನ ಕೆಳಗಿನ ಮೂಳೆ ಸವೆದಂತೆ ಸೆಟ್ಟಿನ ಒಳಮೈ ಮತ್ತೆ ತುಂಬಿಸಬೇಕು ಅಂತ ಆಗಲೇ ಹೇಳಿದ್ದರು. ಮೊನ್ನೆಯಿಂದ ಸಂಜೆ ಹೊತ್ತು ಸಣ್ಣಗೆ ಟಕ್ ಕೇಳಿಸುತ್ತಿದೆ. ಸೋಮವಾರ ಕಾಲೇಜಿಗೆ ಹೋಗಿ ಚೀಟಿ ಮಾಡಿಸಬೇಕು.