ದ್ರಾಕ್ಷಿ ಚಪ್ಪರಕ್ಕೆ ವೈರ್ ರೋಪ್: ರೋಪ್ ಗಟ್ಟಿ, ಕ್ಲಾಂಪ್ ಬೇರೆಯೇ ತನ್ನಿ

ರೋಪ್ ಬಗ್ಗೆ ನನ್ನ ದೂರಿಲ್ಲ. ಮಡಚಿದ ತುದಿಯನ್ನು ಬಿಗಿದು ಹಿಡಿಯಲು ಅದರ ಜೊತೆ ಕೊಡುವ ಕ್ಲಾಂಪ್ ಬಗ್ಗೆ, ಅದನ್ನು ಹಾಕಿಕೊಡುವ ರೀತಿಯ ಬಗ್ಗೆ ಮಾತ್ರ ತುಂಬಾ ಬೇಸರವಿದೆ.

ಚಿಕ್ಕಬಳ್ಳಾಪುರದ ಹತ್ತಿರ ನಮ್ಮದು ದಿಲ್‌ಖುಷ್ ದ್ರಾಕ್ಷಿ ತೋಟ. ಬೇಸಾಯಕ್ಕೆ ಬರುವ ಮುಂಚೆ ನಾನು ಸರಕು ಹಡಗಿನ ಡೆಕ್ ಮೇಲೆ ಕೆಲಸ ಮಾಡಿದವನು. ವೈರ್ ರೋಪ್ ಕೈಗೆ ಹೊಸದಲ್ಲ. ಚಪ್ಪರದ ಅಂಚಿನ ಕಲ್ಲು ಕೂಚಗಳನ್ನು ಹಿಂದಕ್ಕೆ ಎಳೆದು ಹಿಡಿಯಲು 8 ಮಿಲಿಮೀಟರ್ ಜಿಐ ರೋಪ್, ಅಂದರೆ ಸತು ಲೇಪಿಸಿದ ತಂತಿ ಹೊಸೆದ ರೋಪ್ ತಂದೆ. ಒಳಗಿನ ಬಲೆಗೆಲ್ಲ ಮಾಮೂಲಿ ತಂತಿಯೇ. ಸ್ಟೇನ್‌ಲೆಸ್ ಬೆಲೆ ಕೇಳಿ ಅಲ್ಲೇ ಬಿಟ್ಟೆ.

ಅಂಗಡಿಯಲ್ಲಿ ಮೊದಲು ತೋರಿಸಿದ್ದು ಕ್ರೇನ್‌ಗೆ ಹಾಕುವ ರೋಪ್. ಅದರಲ್ಲಿ ಸಣ್ಣ ತಂತಿ ಜಾಸ್ತಿ, ಚೆನ್ನಾಗಿ ಬಾಗುತ್ತದೆ, ರಾಟೆ ಮೇಲೆ ಓಡಲು ಸರಿ. ನಿಂತಲ್ಲೇ ಬಿಗಿಯಾಗಿ ಹಿಡಿಯಲು ಒಂದೊಂದು ಎಳೆಯಲ್ಲಿ 7 ತಂತಿ, ಅಂಥ 6 ಎಳೆ ಇರುವುದನ್ನೇ ಕೇಳಿ. ತಂತಿ ದಪ್ಪ, ತುಕ್ಕು ಬೇಗ ತಿಂದು ಮುಗಿಸುವುದಿಲ್ಲ. ಹಾಯಿ ಹಡಗಿನ ಕಂಬಗಳನ್ನು ಹಿಡಿದು ನಿಲ್ಲಿಸಲು ಬಳಸುತ್ತಿದ್ದದ್ದೂ ಇಂಥ ರೋಪೇ.

ಇನ್ನು ಕ್ಲಾಂಪ್. ನಾನು ಊರಲ್ಲಿಲ್ಲದ ದಿನ ಅಂಗಡಿ ಕಡೆಯ ಫಿಟ್ಟರ್ ಬಂದು ತುದಿಗೆ ಎರಡೇ ಕ್ಲಾಂಪ್ ಹಾಕಿ ಹೋಗಿದ್ದ. ಅದೂ ಉಲ್ಟಾ. ಭಾರ ಹೊರುವ ರೋಪ್ ಕ್ಲಾಂಪಿನ ಅಗಲ ತಳದಲ್ಲಿ ಕೂರಬೇಕು. ಮಡಚಿ ತಂದ ಗಿಡ್ಡ ತುದಿಯ ಮೇಲೆ ಯು ಬೋಲ್ಟ್ ಬರಬೇಕು. ಉಲ್ಟಾ ಹಾಕಿದರೆ ಬೋಲ್ಟು ಭಾರ ಹೊರುವ ತಂತಿಯನ್ನೇ ಜಜ್ಜುತ್ತದೆ. ಈ ಗಾತ್ರಕ್ಕೆ ಒಂದೊಂದು ತುದಿಗೂ ಕನಿಷ್ಠ 3 ಬೇಕು, ಮಡಚಿದ ಕೊಂಡಿಯೊಳಗೆ ಥಿಂಬಲ್ ಅನ್ನುವ ಲೋಹದ ಬಳೆ ಕೂರಿಸಬೇಕು. ಇದನ್ನೆಲ್ಲ ಸರಿಪಡಿಸುವ ಮೊದಲೇ ಆಲಿಕಲ್ಲು ಮಳೆ ಗಾಳಿಗೆ ಒಂದು ಮೂಲೆ ಜಾರಿ, ಗೊನೆ ತುಂಬಿದ ಚಪ್ಪರ ಒಳಕ್ಕೆ ವಾಲಿತು. ರೋಪ್ ಹರಿಯಲಿಲ್ಲ, ಕ್ಲಾಂಪಿನಲ್ಲಿ ಜಾರಿತು ಅಷ್ಟೇ. ಆ ಸಲದ ನಷ್ಟ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಎರಡು ಮಳೆಗಾಲಕ್ಕೇ ಆ ಕ್ಲಾಂಪ್‌ಗಳ ನಟ್ಟು ತುಕ್ಕು ಹಿಡಿದು ತಿರುಗದಾದವು.

ಕೂಲಿಯವರಿಗೆ ಸ್ಟೇ, ಅಂದರೆ ಕೂಚವನ್ನು ನೆಲಕ್ಕೆ ಎಳೆದು ಹಿಡಿಯುವ ಓರೆ ರೋಪ್, ಹೇಗೆ ಎಳೆಯಬೇಕು ಅಂತ ಬಾಯಲ್ಲಿ ಹೇಳಿ ಸಾಕಾಗಿತ್ತು. ಹಾಲ್‌ನಲ್ಲಿ ನೌಕಾಪಡೆಯ ತರಬೇತಿ ಹಡಗು ತರಂಗಿಣಿಯ ಚಿತ್ರವಿದೆ. ಗೋವಾದಲ್ಲಿ ಕಟ್ಟಿ, 1997ರಲ್ಲಿ ಸೇವೆಗೆ ಬಂದ 3 ಕಂಬದ ಹಾಯಿ ಹಡಗು. ಚಿತ್ರ ಬರೆದವರಿಗೆ ಹಡಗು ಗೊತ್ತು. ಅನೇಕರು ಹಾಯಿಯನ್ನು ಚೆಂದ ಬರೆದು ಹಗ್ಗಗಳನ್ನು ಸುಮ್ನೆ ಗೀಚಿಬಿಡುತ್ತಾರೆ. ಇದರಲ್ಲಿ ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ಎಳೆದ ಒಂದೊಂದು ರೋಪೂ ತನ್ನ ಜಾಗದಲ್ಲಿದೆ. ಅದನ್ನೇ ಇಳಿಸಿ ತೋರಿಸಿದೆ. ಕಂಬ ಯಾವ ಕಡೆ ವಾಲಲು ನೋಡುತ್ತದೋ ಅದರ ಎದುರಿಗೆ ಎಳೆಯಬೇಕು ಅಂತ ತಕ್ಷಣ ಅರ್ಥ ಮಾಡಿಕೊಂಡರು. ನನಗೆ ಬಹಳ ಖುಷಿಯಾಯಿತು. ಸ್ಟೇ ನೆಲಕ್ಕೆ 45 ಡಿಗ್ರಿ ಇದ್ದರೆ ಚಪ್ಪರದ ಎಳೆತದ 1.4 ಪಟ್ಟು ರೋಪ್ ಮೇಲೆ ಬೀಳುತ್ತದೆ. ಜಾಗ ಉಳಿಸಲು 60ಕ್ಕೆ ನೆಟ್ಟಗೆ ಮಾಡಿದರೆ 2 ಪಟ್ಟು.

ಹೊಸ ರೋಪ್ ಮೊದಲಿಗೆ ಸಡಿಲವಾಗುತ್ತದೆ, ಗಾಬರಿ ಬೇಡ. ಎಳೆಗಳು ಒಂದಕ್ಕೊಂದು ಕೂತುಕೊಳ್ಳುವಾಗ ಹಾಗಾಗುತ್ತದೆ. ರೋಪ್ ಬಿಗಿ ಮಾಡುವ ತಿರುಪು, ಅಂದರೆ ಟರ್ನ್‌ಬಕಲ್ ತಿರುವಿ, ಕ್ಲಾಂಪ್ ಮತ್ತೆ ಬಿಗಿ ಮಾಡಿ. ಆಮೇಲೆ ಅದರ ಪಾಡಿಗೆ ಅದು ನಿಲ್ಲುತ್ತದೆ. ಸರಿಯಾಗಿ ಕಟ್ಟಿದ ಮೇಲೆ ಬಂದ ಗಾಳಿಮಳೆಗಳಲ್ಲಿ ಒಂದು ಕೂಚವೂ ಅಲ್ಲಾಡಿಲ್ಲ.

ಬೆಳಿಗ್ಗೆ ನೀರು ಬಿಟ್ಟ ಮೇಲೆ ಹಳೇ ಹತ್ತಿ ಬಟ್ಟೆ ಹಿಡಿದು ಅಂಚಿನುದ್ದಕ್ಕೂ ನಡೆಯುತ್ತೇನೆ. ಬಟ್ಟೆಯನ್ನು ರೋಪ್ ಮೇಲೆ ಮೆಲ್ಲಗೆ ಎಳೆದರೆ, ತಂತಿ ತುಂಡಾದ ಕಡೆ ನೂಲು ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಎಳೆಯಬೇಡಿ, ಅಂಗೈ ಸೀಳುತ್ತದೆ. ಆಮೇಲೆ ಟರ್ನ್‌ಬಕಲ್ ಮುಟ್ಟಿ ನೋಡುವುದು, ಬೇಕಾದ ಕಡೆ ಕಾಯಿಸಿದ ಅಗಸೆ ಎಣ್ಣೆ ಸವರುವುದು. ಹಾಯಿ ಹಡಗಿನವರು ರೋಪ್‌ಗೆ ಹಚ್ಚುತ್ತಿದ್ದದ್ದೂ ಇದೇ ಎಣ್ಣೆ. ಕಾಫಿಗೆ ಮುಂಚೆ ಇದು ಮುಗಿದರೆ ಮನಸ್ಸಿಗೆ ನೆಮ್ಮದಿ.

ಒಂದು ಎಚ್ಚರಿಕೆ. ಬಳ್ಳಿಯ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ತಾಮ್ರ ಇರುತ್ತದಲ್ವಾ, ಅದು ಸತುವಿನ ಲೇಪ ತಿನ್ನುತ್ತದೆ. ಸಿಂಪಡಣೆ ಬೀಳುವ ಕಡೆ ರೋಪ್ ಮಂಕಾಗಿದೆ. ಈಗ ಸಿಂಪಡಿಸಿದ ಮಾರನೇ ದಿನ ಅಂಚಿನ ರೋಪ್‌ಗಳನ್ನು ನೀರಿನಲ್ಲಿ ತೊಳೆಸುತ್ತೇನೆ. ಮಣ್ಣಿನೊಳಗೂ ರೋಪ್ ಹೂಳಬೇಡಿ. ದಪ್ಪ ಸರಳು ಹೂತು ಕೊಂಡಿ ನೆಲದ ಮೇಲೆ ಬಿಡಿ.

ಇದೇ ರೋಪನ್ನು ಮತ್ತೆ ಕೊಳ್ಳುತ್ತೇನೆ. ಫೋರ್ಜ್ ಮಾಡಿದ, ಅಂದರೆ ಕಾಯಿಸಿ ಬಡಿದು ಮಾಡಿದ ಕ್ಲಾಂಪ್ ಮಾತ್ರ ಬೇರೆ ಕಡೆ ತರುತ್ತೇನೆ, ಹಾಕುವುದೂ ನಾನೇ.