‘ನೋಡ್ತಾ ನೋಡ್ತಾ ಕಲೀತೀರಿ’ ಎನ್ನುವ ಲ್ಯಾಬಿಗೆ ಸೇರುವ ಮುನ್ನ

ಸಂಶೋಧನಾ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಲಿರುವ ವಿದ್ಯಾರ್ಥಿಗಳು ಮತ್ತು ಸಂಶೋಧನಾ ಸಹಾಯಕರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಗೈಡ್ ಯಾರು, ವಿಷಯ ಯಾವುದು, ಎಷ್ಟು ಪ್ರಬಂಧಗಳು ಪ್ರಕಟವಾಗಿವೆ ಎಂಬುದನ್ನೆಲ್ಲ ಸಾಮಾನ್ಯವಾಗಿ ಎಲ್ಲರೂ ವಿಚಾರಿಸುತ್ತಾರೆ. ಮೊದಲ ವಾರಗಳಲ್ಲಿ ಪಕ್ಕದಲ್ಲಿ ನಿಂತು ಕೆಲಸ ಕಲಿಸಿಕೊಡುವವರು ಯಾರು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ. ನಾನು ಸೇರಿದ ಲ್ಯಾಬಿನಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ, ಆದ್ದರಿಂದ ನನ್ನ ತಿಂಗಳುಗಟ್ಟಲೆ ದುಡಿಮೆ ಮಣ್ಣುಪಾಲಾಯಿತು.

ಅದು ಜೀವಕೋಶಗಳನ್ನು ಬೆಳೆಸಿ ಅವುಗಳ ಮೇಲೆ ಔಷಧಗಳ ಪರಿಣಾಮವನ್ನು ಅಳೆಯುವ ಪ್ರಯೋಗಾಲಯ. ಗೈಡ್ ಹೆಚ್ಚಾಗಿ ಪ್ರವಾಸದಲ್ಲಿರುತ್ತಿದ್ದರು. ಸೇರಿದ ದಿನ ನನ್ನ ಕೈಗೆ ಬಂದದ್ದು ಒಂದು ಬೀಗದ ಕೈ, ಒಂದು ಖಾಲಿ ನೋಟ್‌ಬುಕ್ ಮತ್ತು ‘ಸೀನಿಯರ್ಸ್ ಮಾಡೋದನ್ನ ನೋಡ್ತಾ ಇರಿ, ನೋಡ್ತಾ ನೋಡ್ತಾ ಕಲೀತೀರಿ’ ಎಂಬ ಮಾತು. ಸೀನಿಯರ್‌ಗಳಿಗೆ ತಮ್ಮ ಥೀಸಿಸ್ ಮುಗಿಸುವ ಆತುರ. ಹೊಸಬರಿಗೆ ಕಲಿಸುವ ಕೆಲಸವನ್ನು ಯಾರಿಗೂ ಒಪ್ಪಿಸಿರಲಿಲ್ಲವಾದ್ದರಿಂದ ಅವರನ್ನು ನಾನು ದೂರುವುದಿಲ್ಲ. ಗೋಡೆಗೆ ಅಂಟಿಸಿದ್ದ ಪ್ರೋಟೋಕಾಲ್ (ಪ್ರಯೋಗ ಮಾಡುವ ಹಂತಗಳ ವಿವರ) ಹಾಳೆಯಲ್ಲಿ ಒಂದು ದ್ರಾವಣದ ಪ್ರಮಾಣವನ್ನು ಪೆನ್ಸಿಲಿನಿಂದ ಹೊಡೆದುಹಾಕಿ ಪಕ್ಕದಲ್ಲಿ ಬೇರೊಂದು ಸಂಖ್ಯೆ ಬರೆದಿದ್ದರು, ಅದರ ಮೇಲೂ ಯಾರೋ ಗೀಟು ಎಳೆದಿದ್ದರು. ಯಾವುದು ಸರಿ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ.

ಜೀವಕೋಶಗಳಿದ್ದ ವಯಲ್ ಎಂಬ ಪುಟ್ಟ ಸೀಸೆಯನ್ನು, ಕೋಶಗಳನ್ನು ಹೆಪ್ಪುಗಟ್ಟಿಸಿಡುವ ದ್ರವ ಸಾರಜನಕದ ಟ್ಯಾಂಕಿನಿಂದ ತೆಗೆದುಕೊಳ್ಳುವಂತೆ ಹೇಳಿದರು. ಅದರ ಮುಚ್ಚಳದ ಮೇಲೆ ಎರಡು ಇನಿಷಿಯಲ್ಸ್ ಮತ್ತು ಅರ್ಧ ಅಳಿಸಿದ ದಿನಾಂಕ ಬಿಟ್ಟರೆ ಬೇರೇನೂ ಇರಲಿಲ್ಲ. ಅದನ್ನು ಇಟ್ಟವರು ಲ್ಯಾಬ್ ಬಿಟ್ಟು ಹೋಗಿದ್ದರು. ಆ ಕೋಶಗಳಿಂದ ಒಮ್ಮೆ ಬಂದ ಫಲಿತಾಂಶ ಇನ್ನೊಮ್ಮೆ ಬರುತ್ತಿರಲಿಲ್ಲ. ಮೀಟಿಂಗಿನಲ್ಲಿ ಪ್ರತಿ ಸಲವೂ ‘ನಿಮ್ಮ ಕೈ ಇನ್ನೂ ಪಳಗಿಲ್ಲ’ ಎಂದೇ ಕೇಳಬೇಕಾಯಿತು. ಕಡೆಗೆ ಪಕ್ಕದ ಲ್ಯಾಬಿನ ಸ್ನೇಹಿತರೊಬ್ಬರು ಡಿಎನ್ಎ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಮಾಡಿಕೊಟ್ಟಾಗ ಆ ಕೋಶಗಳಲ್ಲಿ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಇರುವುದು ತಿಳಿಯಿತು. ಈ ಸೂಕ್ಷ್ಮಾಣುಗಳಿಗೆ ಕೋಶಭಿತ್ತಿಯೇ ಇಲ್ಲದ ಕಾರಣ ಪೆನಿಸಿಲಿನ್ ಅವುಗಳನ್ನು ಕೊಲ್ಲುವುದಿಲ್ಲ. ಸಾಮಾನ್ಯ ಬ್ಯಾಕ್ಟೀರಿಯಾ ಸೇರಿಕೊಂಡಾಗ ಆಗುವಂತೆ ಮೀಡಿಯಾ (ಕೋಶಗಳನ್ನು ಬೆಳೆಸುವ ಪೋಷಕ ದ್ರವ) ಕದಡುವುದೂ ಇಲ್ಲ, ದಿನನಿತ್ಯ ಬಳಸುವ ಸೂಕ್ಷ್ಮದರ್ಶಕದಲ್ಲಿ ಅವು ಕಾಣಿಸುವುದೂ ಇಲ್ಲ. ಆದರೂ ಜೀವಕೋಶಗಳ ಬೆಳವಣಿಗೆಯನ್ನೂ ಚಯಾಪಚಯವನ್ನೂ ಬದಲಿಸಿಬಿಡುತ್ತವೆ. ಎಷ್ಟೇ ಗಮನವಿಟ್ಟು ನೋಡಿದರೂ ನೋಡಿ ಕಲಿಯಲಾಗದ ಸಂಗತಿ ಇದು. ನನಗೆ ಅತ್ಯಂತ ನೋವಾದದ್ದು, ಆ ರ‍್ಯಾಕಿನ ವಯಲ್‌ಗಳ ಬಗ್ಗೆ ಸಂಶಯವಿದೆ ಎಂಬುದು ಲ್ಯಾಬಿನ ಹಳಬರಿಗೆ ಮೊದಲೇ ಗೊತ್ತಿತ್ತು ಎಂದು ತಿಳಿದಾಗ. ಅದು ಬಾಯಿಮಾತಿನಲ್ಲಷ್ಟೇ ಉಳಿದಿತ್ತು, ಯಾವ ಪಟ್ಟಿಯಲ್ಲೂ ಬರೆದಿರಲಿಲ್ಲ.

ಕೆಲಸ ಹಾಳಾದರೆ ಮತ್ತೆ ಮಾಡಬಹುದು, ಜೀವದ ವಿಷಯ ಹಾಗಲ್ಲ. ದ್ರವ ಸಾರಜನಕ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಮತ್ತು ಅನಿಲವಾದಾಗ ಸುಮಾರು 700 ಪಟ್ಟು ಹಿಗ್ಗುತ್ತದೆ. ವಯಲ್‌ನೊಳಗೆ ಅದು ಸ್ವಲ್ಪ ಸೇರಿಕೊಂಡಿದ್ದರೂ ಹೊರತೆಗೆದಾಗ ವಯಲ್ ಸಿಡಿಯಬಹುದು. ಗಾಳಿಯಾಡದ ಕೋಣೆಯಲ್ಲಿ ಸೋರಿದರೆ ಉಸಿರಾಡಲು ಆಮ್ಲಜನಕವೇ ಸಾಲದೆ ಹೋಗಬಹುದು. ಇದನ್ನು ಅಲ್ಲಿ ನನಗೆ ಯಾರೂ ಹೇಳಲಿಲ್ಲ. ಮುಖಕವಚವೊಂದು ಬೀರುವಿನಲ್ಲಿತ್ತು, ಅದರ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2008ರ ಡಿಸೆಂಬರ್ 29ರಂದು, ಸೇರಿ ಕೆಲವೇ ತಿಂಗಳಾಗಿದ್ದ 23 ವರ್ಷದ ಸಂಶೋಧನಾ ಸಹಾಯಕಿ ಶೆರಿ ಸಾಂಗ್ಜಿ ಅವರು, ಗಾಳಿ ತಾಗಿದರೆ ಹೊತ್ತಿಕೊಳ್ಳುವ ಟರ್ಟ್-ಬ್ಯುಟೈಲ್‌ಲಿಥಿಯಂ ಎಂಬ ರಾಸಾಯನಿಕವನ್ನು ಸಿರಿಂಜಿನಲ್ಲಿ ಎಳೆಯುವಾಗ ಬೆಂಕಿಗೆ ಸಿಲುಕಿದರು. ಅವರು ಲ್ಯಾಬ್ ಕೋಟ್ ಧರಿಸಿರಲಿಲ್ಲ. 2009ರ ಜನವರಿ 16ರಂದು ತೀರಿಕೊಂಡರು. ತರಬೇತಿಯ ಕೊರತೆಯನ್ನೂ ಎತ್ತಿ ತೋರಿಸಿ ಅಲ್ಲಿನ ರಾಜ್ಯದ ಸುರಕ್ಷತಾ ಇಲಾಖೆ ವಿಶ್ವವಿದ್ಯಾಲಯಕ್ಕೆ ದಂಡ ವಿಧಿಸಿತು.

ಆದ್ದರಿಂದ ಸೇರಲು ಒಪ್ಪುವ ಮೊದಲು, ಆ ಲ್ಯಾಬಿಗೆ ಎಲ್ಲರಿಗಿಂತ ಕೊನೆಯಲ್ಲಿ ಸೇರಿದವರೊಡನೆ, ಗೈಡ್ ಎದುರಿಗಿಲ್ಲದಾಗ ಮಾತನಾಡಿ. ಪ್ರತಿಯೊಂದು ಉಪಕರಣವನ್ನು ಮೊದಲ ಬಾರಿ ಬಳಸಿದಾಗ ಜೊತೆಯಲ್ಲಿ ಯಾರಿದ್ದರು, ದಿನಾಂಕ ಹಾಕಿದ ಪ್ರೋಟೋಕಾಲ್‌ಗಳು ಎಲ್ಲಿ ಸಿಗುತ್ತವೆ, ಬಿಟ್ಟು ಹೋದವರ ನೋಟ್‌ಬುಕ್‌ಗಳು ಯಾರ ಬಳಿ ಇವೆ ಎಂದು ಕೇಳಿ. ‘ಅದೆಲ್ಲ ಹಾಗೇ ಗೊತ್ತಾಗುತ್ತೆ’ ಎಂಬ ಉತ್ತರ ಬಂದರೆ, ಆ ಲ್ಯಾಬಿನ ಹೆಸರು ಎಷ್ಟೇ ದೊಡ್ಡದಿರಲಿ, ಮತ್ತೊಮ್ಮೆ ಯೋಚಿಸಿ.

ಈಗಾಗಲೇ ಸೇರಿಬಿಟ್ಟಿದ್ದರೆ, ಯಾವ ತರಬೇತಿ ಇನ್ನೂ ಆಗಿಲ್ಲ ಎಂಬುದನ್ನು ಗೈಡ್‌ಗೆ ವಿನಯದಿಂದಲೇ ಇಮೇಲಿನಲ್ಲಿ ಬರೆದು, ಅದರ ಪ್ರತಿಯನ್ನು ಉಳಿಸಿಕೊಳ್ಳಿ. ಹಿಂದಿನವರು ಬಿಟ್ಟುಹೋದ ಜೀವಕೋಶಗಳಿಂದ ಕೆಲಸ ಆರಂಭಿಸಬೇಕಾಗಿ ಬಂದರೆ ಮೊದಲು ಮೈಕೋಪ್ಲಾಸ್ಮಾ ಪರೀಕ್ಷೆಗೆ ಕಳುಹಿಸಿ. ಫಲಿತಾಂಶ ಬರುವವರೆಗೆ ಅವನ್ನು ಬೇರೆ ಇನ್‌ಕ್ಯುಬೇಟರಿನಲ್ಲಿಡಿ, ದಿನದ ಉಳಿದ ಕೋಶಗಳ ಕೆಲಸವೆಲ್ಲ ಮುಗಿದ ಮೇಲಷ್ಟೇ ಅವುಗಳನ್ನು ಮುಟ್ಟಿ.