ಘಟ್ಟ ಇಳಿಸಿ ನೋಡದೆ ಹಳೇ ಪಿಕಪ್ ತಗೋಬೇಡಿ: ಜಾರುವ ಮೂರನೇ ಗೇರಿನ ಜೊತೆ ನನ್ನ ಸಂಸಾರ

ಸೆಕೆಂಡ್ ಹ್ಯಾಂಡ್ ಪಿಕಪ್ ನೋಡಲು ಹೋದವರೆಲ್ಲ ಗಾಡಿಯನ್ನು ಏರಿಗೆ ಹತ್ತಿಸುತ್ತಾರೆ. ಲೋಡ್ ಎಳೆಯುತ್ತದಾ, ಹೊಗೆ ಬಿಡುತ್ತದಾ, ಬಿಸಿ ಆಗುತ್ತದಾ ಅಂತ ನೋಡುತ್ತಾರೆ. ಅದು ಎಂಜಿನ್ ಪರೀಕ್ಷೆ ಆಯಿತು. ಗೇರ್‌ಬಾಕ್ಸ್ ಬಂಡವಾಳ ಹೊರಬೀಳುವುದು ಇಳಿಜಾರಿನಲ್ಲಿ, ಎಕ್ಸಲರೇಟರ್ ಮೇಲಿಂದ ಕಾಲು ತೆಗೆದಾಗ.

ನನ್ನದು ಸಿರಸಿ ಹತ್ತಿರದ ಹಳ್ಳಿ. ಅಡಿಕೆ, ಬಾಳೆ, ಸ್ವಲ್ಪ ಕಾಳುಮೆಣಸು ಇದೆ. ಬಾಳೆಗೊನೆ, ತರಕಾರಿ ಹೇರಿಕೊಂಡು ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವುದು, ಬರುವಾಗ ತೆಂಗಿನಕಾಯಿ ತರುವುದು ಗಾಡಿಯ ಮುಖ್ಯ ಕೆಲಸ. ಉಳಿದ ದಿನ ಗೊಬ್ಬರ, ದರಕು (ಒಣಗಿದ ಎಲೆ), ಸೀಸನ್ನಿನಲ್ಲಿ ಅಡಿಕೆ ಚೀಲ. ಹೊಸದಕ್ಕೆ ಸಾಲ ಮಾಡುವ ಮನಸ್ಸು ಇರಲಿಲ್ಲ. ನಾಲ್ಕು ಲಕ್ಷದ ಒಳಗೆ ಮುಗಿಯಬೇಕು, ರಿಪೇರಿ ಖರ್ಚೂ ಅದರಲ್ಲೇ ಬರಬೇಕು ಅಂತ ಲೆಕ್ಕ ಹಾಕಿಕೊಂಡಿದ್ದೆ.

ಕಂಪನಿ ಹೆಸರು ಬರೆಯುತ್ತಿಲ್ಲ. ಇಲ್ಲಿ ಹೇಳುವ ತಕರಾರು ಕಂಪನಿಯದ್ದಲ್ಲ, ಹಿಂದೆ ಓಡಿಸಿದವರದ್ದು. ಸಿಸಿ, ಪೇಲೋಡ್, ಮೈಲೇಜ್ ಎಲ್ಲ ಕಡೆ ಸಿಗುತ್ತದೆ. ಡೀಸೆಲ್, ಐದು ಗೇರ್, ಬಿಳಿ ಬಣ್ಣ. ಅಷ್ಟು ಸಾಕು.

ಕೊಳ್ಳುವ ಮೊದಲು ಸುಮಾರು ಗಾಡಿ ನೋಡಿದೆ. ಅದರಲ್ಲಿ ಎರಡು ಮಾತ್ರ ಲೆಕ್ಕಕ್ಕೆ ಬಂದವು. ಒಂದು ಕೆಎ-30, ಕಾರವಾರ ಕಡೆಯದು. ಮೀನು ಸಾಗಿಸುತ್ತಿದ್ದ ಗಾಡಿ. ಗೇರ್ ಎಷ್ಟು ಚೆಂದ ಬೀಳುತ್ತಿತ್ತು ಅಂದರೆ ಅಲ್ಲೇ ಅಡ್ವಾನ್ಸ್ ಕೊಡುವ ಅಂತ ಅನಿಸಿಬಿಟ್ಟಿತು. ಬೀಳಬೇಕಾದದ್ದೇ. ಕರಾವಳಿಯ ಹೆದ್ದಾರಿ 66ರಲ್ಲಿ ಟಾಪ್ ಗೇರ್ ಹಾಕಿ ಕೂತರೆ ಊರಿಂದೂರಿಗೆ ಗೇರ್ ಮುಟ್ಟುವ ಕೆಲಸ ಕಡಿಮೆ. ಆದರೆ ಜೊತೆಗೆ ಬಂದಿದ್ದ ಮಿಸ್ತ್ರಿ ಗಾಡಿಯ ಅಡಿಗೆ ತೂರಿ ಸುತ್ತಿಗೆಯಲ್ಲಿ ಚಾಸಿ, ಅಂದರೆ ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟು, ತಟ್ಟಿದರು. ಹೊಸ ಕರಿ ಪೇಂಟಿನ ಕೆಳಗಿಂದ ತುಕ್ಕು ಪದರ ಪದರವಾಗಿ ಉದುರಿತು. ಮೀನಿನ ಪೆಟ್ಟಿಗೆಯ ಐಸ್ ಕರಗಿದ ಉಪ್ಪುನೀರು ವರ್ಷಗಟ್ಟಲೆ ಅಲ್ಲೇ ಸುರಿದಿತ್ತು, ಸಾಲದ್ದಕ್ಕೆ ಸಮುದ್ರದ ಗಾಳಿ. ಗೇರ್‌ಬಾಕ್ಸ್ ಬಿಚ್ಚಿ ಸರಿ ಮಾಡಬಹುದು, ಚಾಸಿಗೆ ಏನು ಮಾಡುವುದು? ಚಾಸಿ ಚೆನ್ನಾಗಿದ್ದಿದ್ದರೂ ಅದು ಮನೆಗೆ ಬರುತ್ತಿರಲಿಲ್ಲ ಅನ್ನಿ. ವಾಸನೆಯ ವಿಷಯ ಹೇಳುತ್ತಿದ್ದ ಹಾಗೇ ಅಮ್ಮ, "ಆ ಗಾಡಿಲಿ ದೇವ್ರ ಕಾಯಿ ತರಡ ಮಾರಾಯಾ" ಅಂತ ತೀರ್ಪು ಕೊಟ್ಟಾಗಿತ್ತು.

ಎರಡನೆಯದು ಕೆಎ-31, ನಮ್ಮ ಘಟ್ಟದ ಮೇಲಿನದೇ. ಚಾಸಿ ಗಟ್ಟಿ, ಪಾಟಾ (ಸ್ಪ್ರಿಂಗ್ ಪಟ್ಟಿ) ಸರಿ, ಬಾಡಿಯಲ್ಲಿ ಅಲ್ಲಲ್ಲಿ ಜಜ್ಜು. ಬ್ರೋಕರ್ ಬಾಯಲ್ಲಿ ಒಂದೇ ಮಾತು, "ಗೇರ್ ಬೆಣ್ಣೆ ಇದ್ದಂಗೆ ಇದೆ ಭಟ್ರೆ."

ನೋಡುವ ಕ್ರಮ ಹೇಳುತ್ತೇನೆ. ಮೊದಲು ಬಾನೆಟ್ ಮೇಲೆ ಕೈ ಇಡಿ. ನೀವು ಬರುವ ಮೊದಲೇ ಗಾಡಿ ಬಿಸಿ ಮಾಡಿಟ್ಟಿದ್ದರೆ ತಣ್ಣಗಾಗುವವರೆಗೆ ಚಹಾ ಕುಡಿಯಿರಿ. ತಣ್ಣಗಿನ ಗೇರ್‌ಬಾಕ್ಸ್ ಸುಳ್ಳು ಹೇಳುವುದು ಕಷ್ಟ. ಸ್ಟಾರ್ಟ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟು ಕಿವಿ ಕೊಡಿ. ಗುಂಯ್ ಅಂತ ಸದ್ದು ಇದ್ದು, ಕ್ಲಚ್ ತುಳಿದ ಕೂಡಲೇ ಅದು ನಿಂತರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಸವೆದಿದೆ ಅಂತ ಅನುಮಾನ ಪಡಬೇಕು. ತಿರುಗಾಮುರುಗಾ ಆಗಿ, ತುಳಿದಾಗ ಸದ್ದು ಬಂದರೆ ಅದು ಕ್ಲಚ್‌ನ ರಿಲೀಸ್ ಬೇರಿಂಗ್. ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದು ಮೂರನೇ ಗೇರ್ ಹಾಕಿ ಕ್ಲಚ್ ಮೆಲ್ಲಗೆ ಬಿಡಿ. ಎಂಜಿನ್ ಥಟ್ಟನೆ ಬಂದ್ ಬಿದ್ದರೆ ಕ್ಲಚ್ ಪ್ಲೇಟ್ ಒಳ್ಳೆಯದಿದೆ. ಗೊರಗೊರ ಅನ್ನುತ್ತಾ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ, ಕ್ಲಚ್ ಸೆಟ್ಟಿನ ದುಡ್ಡು ರೇಟಿನಲ್ಲಿ ಕಳೆಯಿರಿ. ಮೀಟರ್ ತೋರಿಸುವ ಕಿಲೋಮೀಟರ್ ನಂಬಬೇಡಿ. ಕ್ಲಚ್ ಪೆಡಲಿನ ರಬ್ಬರ್ ಎಷ್ಟು ಸವೆದಿದೆ ನೋಡಿ, ಗೇರ್ ಲಿವರಿನ ಗುಂಡಿಯ ಮೇಲೆ ಗೇರ್ ನಕ್ಷೆ ಅಳಿಸಿದೆಯಾ ನೋಡಿ.

ಇದೆಲ್ಲದರಲ್ಲೂ ಗಾಡಿ ಪಾಸಾಯಿತು. ಬ್ರೋಕರ್ ಪೇಟೆಯಲ್ಲಿ ಒಂದು ಸುತ್ತು ಹಾಕಿಸಿ ಮುಗಿಸುವ ಅಂದಾಜಿನಲ್ಲಿದ್ದ. ನಾನು ರಾಗಿಹೊಸಳ್ಳಿ ದಾಟಿಸಿ ದೇವಿಮನೆ ಕಡೆ ತಿರುಗಿಸಿದೆ. ಏರಿನಲ್ಲಿ ಒಂದು ದೂರಿಲ್ಲ. ಇಳಿಜಾರಿನಲ್ಲಿ ಮೂರನೇ ಗೇರ್ ಹಾಕಿ ಕಾಲು ತೆಗೆದೆ. ಲಿವರ್ ಒಂದು ಕ್ಷಣ ನಡುಗಿ, ಟಕ್ ಅಂತ ನ್ಯೂಟ್ರಲ್‌ಗೆ ಬಂದು ಕೂತಿತು. ಎಂಜಿನ್ ಸದ್ದು ಇಳಿಯಿತು, ಗಾಡಿ ಓಡಿತು. ಪಕ್ಕದಲ್ಲಿದ್ದ ಬ್ರೋಕರ್ ಕಿಟಕಿಯಿಂದ ಕಾಡು ನೋಡಲು ಶುರು ಮಾಡಿದ.

ಏರಿನಲ್ಲಿ ಸುಮ್ಮನಿರುವ ಗೇರ್ ಇಳಿಜಾರಿನಲ್ಲಿ ಯಾಕೆ ಜಾರುತ್ತದೆ? ಏರುವಾಗ ಎಂಜಿನ್ ಚಕ್ರವನ್ನು ತಿರುಗಿಸುತ್ತದೆ, ಭಾರವೆಲ್ಲ ಹಲ್ಲಿನ ಒಂದು ಮಗ್ಗುಲಿಗೆ ಬೀಳುತ್ತದೆ. ಇಳಿಯುವಾಗ ಕಾಲು ತೆಗೆದರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಭಾರ ಇನ್ನೊಂದು ಮಗ್ಗುಲಿಗೆ ಹೋಗುತ್ತದೆ. ಆ ಮಗ್ಗುಲು ಸವೆದಿದ್ದರೆ ಹಲ್ಲು ಹಲ್ಲನ್ನು ಹಿಡಿದುಕೊಳ್ಳುವುದಿಲ್ಲ, ಹೊರಗೆ ತಳ್ಳುತ್ತದೆ. ಬರೀ ಏರಿನಲ್ಲಿ ನೋಡಿದವನಿಗೆ ಇದು ಗೊತ್ತಾಗುವುದೇ ಇಲ್ಲ. ಘಟ್ಟದಲ್ಲಿ ಇದು ಸಣ್ಣ ವಿಷಯ ಅಲ್ಲ. ಗೇರ್ ಹೋದರೆ ಎಂಜಿನ್ ಹಿಡಿತ ಹೋಯಿತು, ಲೋಡೆಲ್ಲ ಬ್ರೇಕಿನ ಮೇಲೆ. ತುಳಿದೂ ತುಳಿದೂ ಡ್ರಮ್ ಕಾದರೆ ಬ್ರೇಕೂ ಕೈ ಕೊಡುತ್ತದೆ.

ಆದರೂ ತಗೊಂಡೆ. ಗೇರ್ ಜಾರುವುದನ್ನು ಕಣ್ಣಾರೆ ಕಂಡ ಬ್ರೋಕರ್‌ಗೆ ಚೌಕಾಸಿ ಮಾಡುವ ಬಾಯಿ ಇರಲಿಲ್ಲ. ಮೂರೂವರೆ ಲಕ್ಷದ ಒಳಗೆ ಇಳಿದ. ಗೇರ್‌ಬಾಕ್ಸ್ ಬಿಚ್ಚಲು ಎಷ್ಟಾಗುತ್ತದೆ ಅಂತ ಮಿಸ್ತ್ರಿ ಅದಾಗಲೇ ಹೇಳಿದ್ದರು.

ಕಾಗದಪತ್ರದಲ್ಲಿ ವಿಶೇಷ ಇಲ್ಲ. ಹೆಸರು ವರ್ಗಾವಣೆಗೆ ಫಾರ್ಮ್ 29, 30. ಬ್ಯಾಂಕ್ ಸಾಲ ಇದ್ದ ಗಾಡಿಯಾದರೆ ಸಾಲ ತೀರಿದ್ದಕ್ಕೆ ಫಾರ್ಮ್ 35 ಕೇಳಿ ತಗೊಳ್ಳಿ. ಎಂಟು ವರ್ಷ ದಾಟಿದ ಹಳದಿ ಬೋರ್ಡಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಪ್ರತಿ ವರ್ಷ ಆಗಬೇಕು, ಆ ಖರ್ಚು ಮರೆಯಬೇಡಿ. ಬಾಡಿಗೆ ಗಾಡಿ ಓಡಿಸುವವರ ಬ್ಯಾಜ್ ಬೇಕಾ ಅಂತ ಈಗಲೂ ಕೇಳುತ್ತಾರೆ. 7500 ಕೆಜಿ ಒಳಗಿನ ಗಾಡಿಗೆ ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿತ್ತು, 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿಯಿತು.

ಮೊದಲ ಮಳೆಗಾಲ ನಾನು ಗೇರ್‌ಬಾಕ್ಸ್ ಬಿಚ್ಚಿಸಲಿಲ್ಲ. ಅಡಿಕೆ ದುಡ್ಡು ಬರುವವರೆಗೆ ಕಾಯಬೇಕಿತ್ತು. ಆ ತಿಂಗಳುಗಳನ್ನು ನೆನೆಸಿಕೊಂಡರೆ ಈಗಲೂ ಎಡ ಭುಜ ನೋಯುತ್ತದೆ. ದೇವಿಮನೆಯಲ್ಲಿ ಗಾಡಿ ನಿಲ್ಲಿಸಿ ದೇವಿಗೆ ಕೈಮುಗಿಯುವುದು ಎಲ್ಲರ ಪದ್ಧತಿ. ನನ್ನದು ಇನ್ನೂ ಸ್ವಲ್ಪ ಉದ್ದ. ಕೈಮುಗಿದು, ಗೊನೆ ಕಟ್ಟಿದ ಹಗ್ಗ ಎಳೆದು ನೋಡಿ, ಹೊರಡುವಾಗ ಎರಡನೇ ಗೇರ್. ಮೂರಕ್ಕೆ ಹಾಕಿದರೆ ಅಂಗೈ ಲಿವರ್ ಮೇಲಿಂದ ತೆಗೆಯುವ ಹಾಗಿಲ್ಲ. ಲಿವರ್ ಚರ್ಮಕ್ಕೆ ಮೊದಲು ಸುದ್ದಿ ಕೊಡುತ್ತದೆ, ಸಣ್ಣಗೆ ಜುಂ ಅನ್ನುತ್ತದೆ, ಆಗ ಒತ್ತಿ ಹಿಡಿಯಬೇಕು. ತಿರುವಿನಲ್ಲಿ ಒಂದೇ ಕೈಯಲ್ಲಿ ಸ್ಟೇರಿಂಗ್, ಎದುರಿನಿಂದ ಬಸ್ಸು, ರಸ್ತೆ ಅಗಲೀಕರಣದ ಕೆಸರು. ಇನ್ನು ಗುಡ್ಡ ಕುಸಿದು ದೇವಿಮನೆ ಬಂದಾದರೆ ಯಲ್ಲಾಪುರ ಸುತ್ತಿ ಅರಬೈಲ್ ಘಟ್ಟ ಇಳಿಯಬೇಕು. ಅಲ್ಲಿ ಲಾರಿ ಸಾಲಿನ ಹಿಂದೆ ಗೇರ್ ಹಿಡಿದು ಹಿಡಿದು ಸಾಕಾಗುತ್ತಿತ್ತು. ಕತಗಾಲದಲ್ಲಿ ಚಹಾಕ್ಕೆ ಇಳಿದರೆ ಗ್ಲಾಸು ಬಲಗೈಯಲ್ಲೇ ಹಿಡಿಯಬೇಕು, ಎಡಗೈ ಅಷ್ಟು ಹೊತ್ತಿಗೆ ಮರಗಟ್ಟಿರುತ್ತಿತ್ತು. ಒಂದು ಮಾತಂತೂ ನಿಜ, ದಿನಾ ಸಮತಟ್ಟಿನಲ್ಲಿ ಓಡಿಸುವವನಾಗಿದ್ದರೆ ನಾನು ಇದನ್ನು ರಿಪೇರಿ ಮಾಡಿಸುತ್ತಲೇ ಇರಲಿಲ್ಲವೇನೋ.

ಒಬ್ಬರು ಲಿವರ್ ಹಿಡಿದಿಡಲು ರಬ್ಬರ್ ಟ್ಯೂಬ್ ಕಟ್ಟಿಕೊಳ್ಳಿ ಅಂದರು. ಸೀಟಿನಿಂದ ಲಿವರಿಗೆ ಹಾಗೆ ಕಟ್ಟಿಕೊಂಡು ಓಡಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಮಾಡಬೇಡಿ. ಅರ್ಜೆಂಟಿಗೆ ಎರಡಕ್ಕೆ ಇಳಿಸಬೇಕು ಅಂದಾಗ ಅದೇ ಅಡ್ಡ.

ಮಿಸ್ತ್ರಿ ಕಡಿಮೆ ಖರ್ಚಿನದ್ದನ್ನು ಮೊದಲು ಮಾಡಿದರು. ಗೇರ್‌ಬಾಕ್ಸ್ ಕೂರುವ ಮೌಂಟಿಂಗ್ ರಬ್ಬರ್ ಸೀಳಿತ್ತು. ಪೆಟ್ಟಿಗೆಯೇ ಅಲ್ಲಾಡಿದರೆ ಲಿವರನ್ನೂ ಎಳೆಯುತ್ತದೆ, ಎಷ್ಟೋ ಗಾಡಿಯಲ್ಲಿ ಅಷ್ಟಕ್ಕೇ ರೋಗ ವಾಸಿಯಾಗುತ್ತದೆ. ನಮ್ಮದು ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ. ಆಮೇಲೆ ಆಯಿಲ್ ಇಳಿಸಿದರು. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಕರಿ ಕೆಸರು ಅಂಟಿರುವುದು ಮಾಮೂಲು. ನಮ್ಮದರಲ್ಲಿ ಕೆಸರಿನ ನಡುವೆ ಉಗುರಿನ ತುದಿಯಷ್ಟು ಉಕ್ಕಿನ ಚೂರು ಮಿನುಗುತ್ತಿದ್ದವು. ಬೋಗುಣಿಯ ಆಯಿಲನ್ನು ಬಿಸಿಲಿಗೆ ವಾಲಿಸಿದರೆ ಬಂಗಾರದ ಪುಡಿ ತೇಲಿದ ಹಾಗೆ ಹಳದಿ. ಅದು ಹಿತ್ತಾಳೆ.

"ಕ್ರೌನ್ ಆಯಿಲನ್ನೇ ಇದಕ್ಕೂ ಹೊಯ್ದಾರೆ ಭಟ್ರೆ" ಅಂದರು ಮಿಸ್ತ್ರಿ, ಬೆರಳು ಮೂಸಿ. ಕ್ರೌನ್ ಅಂದರೆ ಹಿಂದಿನ ಆಕ್ಸಲ್‌ನ ಗೇರ್, ಅದಕ್ಕೆ ಬೇಕಾದ್ದು ಜಿಎಲ್-5 ದರ್ಜೆಯ ಆಯಿಲ್. ಇಂಥ ಗೇರ್‌ಬಾಕ್ಸಿಗೆ ಜಿಎಲ್-4. ಡಬ್ಬಿ ಒಂದೇ ಥರ ಕಾಣುತ್ತದೆ, ಒಂದೇ ಡಬ್ಬಿ ತಂದು ಎರಡಕ್ಕೂ ಹೊಯ್ದರೆ ಕೆಲಸ ಹಗುರ. ಆದರೆ ಜಿಎಲ್-5ರಲ್ಲಿ ಜಾಸ್ತಿ ಇರುವ ಗಂಧಕದ ಅಂಶ ಹಿತ್ತಾಳೆಗೆ ಆಗಿಬರುವುದಿಲ್ಲ. ಗೇರ್ ಸೇರುವ ಮೊದಲು ಎರಡು ಕಡೆಯ ವೇಗ ಹೊಂದಿಸುವ ಸಿಂಕ್ರೋ ರಿಂಗ್ ಹಿತ್ತಾಳೆಯದು. ರಿಂಗ್ ಸೋತರೆ ಹಲ್ಲು ಹಲ್ಲಿಗೆ ಬಡಿಯುತ್ತದೆ, ಕರ್ ಅನ್ನುತ್ತದೆ, ಬಡಿದು ಬಡಿದು ತುದಿ ಉರುಟಾಗುತ್ತದೆ. ಉರುಟಾದ ಹಲ್ಲು ಇಳಿಜಾರಿನಲ್ಲಿ ನಿಲ್ಲುವುದಿಲ್ಲ.

ಕೊನೆಗೆ ಪೆಟ್ಟಿಗೆ ಬಿಚ್ಚಿದ ದಿನ ನಾನು ಗ್ಯಾರೇಜಿನಲ್ಲೇ ಕೂತಿದ್ದೆ. ಹಳೇ ಮೂರನೇ ಗೇರನ್ನು ಮಿಸ್ತ್ರಿ ಕೈಗೆ ಕೊಟ್ಟರು. ಪಕ್ಕದ ನಾಲ್ಕನೆಯದರ ಹಲ್ಲು ತುದಿಯಲ್ಲಿ ಚೂಪು, ಬೆರಳಿಗೆ ಚುಚ್ಚುತ್ತದೆ. ಮೂರನೆಯದರ ಮೇಲೆ ಬೆರಳು ನುಣ್ಣಗೆ ಜಾರುತ್ತದೆ. ಗೇರ್ ಸೇರಿಸಲು ಸ್ಲೀವನ್ನು ತಳ್ಳುವ ಫೋರ್ಕ್ ಕೂಡ ಒಂದು ಬದಿ ತೆಳ್ಳಗಾಗಿತ್ತು. ಗೇರ್, ಅದರ ಸ್ಲೀವ್, ರಿಂಗ್‌ಗಳು, ಫೋರ್ಕ್, ಬೇರಿಂಗ್, ಸೀಲ್, ಹೇಗೂ ಬಿಚ್ಚಿದ್ದೇವಲ್ಲ ಅಂತ ಕ್ಲಚ್ ಸೆಟ್ ಎಲ್ಲ ಸೇರಿ ಮೂವತ್ತು ಸಾವಿರದ ಆಚೀಚೆ ಆಯಿತು. ಬಿಡಿಭಾಗಕ್ಕೆ ಹುಬ್ಬಳ್ಳಿಗೆ ಹೇಳಿ ತರಿಸಿದ್ದು.

ಅಲ್ಲಿಯವರೆಗೆ ಈ ಗಾಡಿಯನ್ನು ಬೈಯುತ್ತಲೇ ಓಡಿಸಿದವ ನಾನು. ಮಾರಿಬಿಡುವ ಯೋಚನೆಯೂ ಇತ್ತು. ಈಗ ಸಂಗತಿ ಬೇರೆ. ಮೂರನೇ ಗೇರ್ ಹಾಕಿದರೆ ಎರಡು ಹಂತದಲ್ಲಿ ಬೀಳುವುದು ಕೈಗೆ ಗೊತ್ತಾಗುತ್ತದೆ. ಮೊದಲು ಸಣ್ಣ ತಡೆ, ಆಮೇಲೆ ಟಪ್. ಈ ಟಪ್‌ಗಾಗಿಯೇ ಬೇಡದ ಕಡೆಯಲ್ಲೂ ಗೇರ್ ಬದಲಿಸುತ್ತೇನೆ ಅಂತ ಹೆಂಡತಿಯ ದೂರು. ಲೋಡ್ ಹಾಕಿಕೊಂಡು ಘಟ್ಟ ಇಳಿಯುವಾಗ ಎಂಜಿನ್ ಗುಮ್ಮ್ ಅಂತ ಹಿಡಿದುಕೊಂಡು ಇಳಿಸುತ್ತದೆ, ಬ್ರೇಕಿಗೆ ಕೆಲಸವೇ ಕಡಿಮೆ. ಕಿಟಕಿ ದಾಟಿ ಬರುವ ಮಂಜಿಗೆ ಒದ್ದೆಯಾದ ಗಾಜು ಒರೆಸಲು ಎಡಗೈ ಸಿಗುತ್ತದೆ.

ಹುಳುಕು ಇಲ್ಲವೇ ಇಲ್ಲ ಅಂತಲ್ಲ. ಡಿಸೆಂಬರ್ ಬೆಳಿಗ್ಗೆ ಆಯಿಲ್ ಗಟ್ಟಿಯಾಗಿರುತ್ತದೆ, ಎರಡನೇ ಗೇರ್ ಮುನಿಸಿಕೊಳ್ಳುತ್ತದೆ. ಒತ್ತಾಯ ಮಾಡುವುದಿಲ್ಲ. ಹಳೇ ಬಸ್ ಡ್ರೈವರುಗಳ ಹಾಗೆ ಡಬಲ್ ಕ್ಲಚ್ ತುಳಿಯುತ್ತೇನೆ: ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟು, ಮತ್ತೆ ತುಳಿದು ಹಾಕುವುದು. ಊರ ರಸ್ತೆ ದಾಟುವಷ್ಟರಲ್ಲಿ ಸರಿಯಾಗುತ್ತದೆ. ಮಳೆಗಾಲದಲ್ಲಿ ಹಳ್ಳ ದಾಟುವುದಿದ್ದರೆ ಬಂದ ಬಿಸಿಯಲ್ಲೇ ನೀರಿಗೆ ಇಳಿಸುವುದಿಲ್ಲ, ಸ್ವಲ್ಪ ಹೊತ್ತು ದಡದಲ್ಲಿ ನಿಲ್ಲಿಸುತ್ತೇನೆ. ಬಿಸಿ ಪೆಟ್ಟಿಗೆ ಥಟ್ಟನೆ ತಣ್ಣಗಾದರೆ ಗಾಳಿಕಂಡಿಯಿಂದ, ಸೀಲಿನಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ, ಆಯಿಲ್ ಬಿಳಿಚಿಕೊಳ್ಳುತ್ತದೆ.

ಈಗ ಹಿಂದಿನ ಸೀಲಿನಲ್ಲಿ ಸಣ್ಣ ಜಿನುಗು ಶುರುವಾಗಿದೆ. ರಾತ್ರಿ ನಿಲ್ಲಿಸುವ ಜಾಗದಲ್ಲಿ ರಟ್ಟು ಹಾಸಿಡುತ್ತೇನೆ, ಬೆಳಿಗ್ಗೆ ಕಲೆ ಎಷ್ಟು ದೊಡ್ಡದಾಗಿದೆ ನೋಡುತ್ತೇನೆ. ಭಾನುವಾರ ಅಡಿಗೆ ಮಲಗಿ ಪಕ್ಕದ ಫಿಲ್ಲರ್ ಬೋಲ್ಟ್ ಬಿಚ್ಚಿ ಕಿರುಬೆರಳು ತೂರಿಸುತ್ತೇನೆ. ಆಯಿಲ್ ತೂತಿನ ಅಂಚಿನಲ್ಲೇ ಬೆರಳಿಗೆ ತಾಗಬೇಕು. ಹೋದ ವಾರ ಒಂದು ಗೆಣ್ಣು ಬಗ್ಗಿಸಬೇಕಾಯಿತು. ಮಳೆ ಹಿಡಿಯುವ ಮೊದಲು ಸೀಲ್ ಹಾಕಿಸುತ್ತೇನೆ, ಅಲ್ಲಿಯವರೆಗೆ ಸೀಟಿನ ಹಿಂದೆ ಜಿಎಲ್-4 ಡಬ್ಬಿ ಇದೆ, ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆದಿದ್ದೇನೆ: ಗೇರ್‌ಗೆ ಮಾತ್ರ.